ನಾಲ್ಕು ಬೆರಳು ಎತ್ತರದ ಗಾಡಿ

ನನ್ನ ಗಂಡನ ಹೆಸರು ಸರ್ವೋತ್ತಮ. ಕುಂಬ್ರ ಪೇಟೆಯಿಂದ ಸ್ವಲ್ಪ ಈಚೆ, ರಸ್ತೆಯ ಬದಿಯಲ್ಲಿ ಇವರ ಗ್ಯಾರೇಜು. ಅದರ ಹಿಂದೆಯೇ ನಮ್ಮ ಮನೆ. ಇಪ್ಪತ್ತೆಂಟು ವರ್ಷದಿಂದ ಇವರದು ಒಂದೇ ಕೆಲಸ, ಗಾಡಿಯ ಅಡಿಗೆ ನುಗ್ಗುವುದು. ಮದುವೆಯಾದ ಹೊಸತರಲ್ಲಿ ನಾನು ಇವರ ಮುಖಕ್ಕಿಂತ ಹೆಚ್ಚು ನೋಡಿದ್ದು ಇವರ ಪಾದಗಳನ್ನು. ಊಟಕ್ಕೆ ಕರೆದರೆ ಗಾಡಿಯ ಅಡಿಯಿಂದ ಹೊರಗೆ ಚಾಚಿದ ಪಾದ ಒಮ್ಮೆ ಅಲ್ಲಾಡುತ್ತಿತ್ತು. ಬಂದೆ ಅಂತ ಅದರ ಅರ್ಥ. ಬರುವಾಗ ಸಾರು ತಣಿದಿರುತ್ತಿತ್ತು.

ಗುಡ್ಡದ ಮನೆಗಳ ಪಿಕಪ್ಪುಗಳನ್ನು ಎತ್ತರ ಮಾಡಿಕೊಡುವುದರಲ್ಲಿ ಇವರದು ಎತ್ತಿದ ಕೈ. ಕಂಪೆನಿಯಿಂದ ಬಂದ ಗಾಡಿಯನ್ನು ಹಾಗೆಯೇ ಗುಡ್ಡ ಹತ್ತಿಸಿದರೆ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಅದಕ್ಕೆ ಹಿಂದಿನ ಅಚ್ಚಿನ ಮೇಲೆ ಕಬ್ಬಿಣದ ಬ್ಲಾಕು, ಮುಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಜಾಸ್ತಿ, ಕುಲುಕು ತಡೆಯಲು ಉದ್ದದ ಶಾಕು, ಚಕ್ರದವರೆಗೆ ಎಟಕುವ ಉದ್ದದ ಬ್ರೇಕ್ ಪೈಪು. ಮೊಬೈಲಲ್ಲಿ ನೋಡಿದ ಹುಡುಗರು ‘ಲಿಫ್ಟ್ ಕಿಟ್’ ಉಂಟಾ ಅಂತ ಕೇಳಿಕೊಂಡು ಬಂದರೆ ಇವರಿಗೆ ನಗು. ಇವರು ಇಂಚು ಸೆಂಟಿಮೀಟರು ಅಂತ ಹೇಳಿದವರೇ ಅಲ್ಲ. “ನಾಲ್ಕು ಬೆರಳು ಎತ್ತಿದರೆ ಸಾಕು, ಐದಾದರೆ ತಿರುವಿನಲ್ಲಿ ಮಗುಚುತ್ತದೆ” ಎನ್ನುವುದು ಇವರ ಶಾಸ್ತ್ರ. ನಾಲ್ಕು ಬೆರಳು ಅಂದರೆ ಬೆರಳಿನ ಅಗಲ, ಅದೂ ಇವರದೇ ಬೆರಳು, ಗ್ರೀಸು ಮೆತ್ತಿ ದಪ್ಪವಾದದ್ದು.

ಆದರೆ ಹೀಗೆ ಎತ್ತಿದ ಗಾಡಿಗೆ ಎಫ್‌ಸಿ ಸಿಗುವುದಿಲ್ಲ. ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯ ಎಂಬ ಸರಕಾರದ ಕಾಗದ. ಅದಕ್ಕಾಗಿ ನಮ್ಮ ಕಡೆಯವರು ಕಂಡುಕೊಂಡ ದಾರಿ ಒಂದುಂಟು. ಎಫ್‌ಸಿಗೆ ಎರಡು ದಿನ ಮೊದಲು ಗಾಡಿ ನಮ್ಮಲ್ಲಿಗೆ ಬರುತ್ತದೆ. ಹಾಕಿದ್ದನ್ನೆಲ್ಲ ಬಿಚ್ಚಿ, ಕಂಪೆನಿಯ ಹಳೆಯ ಸಾಮಾನು ಜೋಡಿಸಿ, ಒಳ್ಳೆಯ ಮಗುವಿನ ಹಾಗೆ ಕುಳ್ಳಗೆ ಮಾಡಿ ಕಳಿಸುತ್ತಾರೆ. ಕಾಗದ ಸಿಕ್ಕಿತೋ, ಅದೇ ಸಂಜೆ ವಾಪಸು ಬಂದು ಮತ್ತೆ ಎತ್ತರವಾಗುತ್ತದೆ. ಬಿಚ್ಚಿದ ಸಾಮಾನು ಅದಲುಬದಲಾಗದ ಹಾಗೆ ಅದಕ್ಕೆ ಹೆಸರಿನ ಚೀಟಿ ಕಟ್ಟುವುದು ನನ್ನ ಕೆಲಸ, ನನ್ನ ಅಕ್ಷರ ಚಂದ ಅಂತ. ಇದು ಸರಿಯಾ ಅಂತ ನಾನು ಒಮ್ಮೆ ಕೇಳಿದ್ದೆ. “ಗುಡ್ಡದವರು ನಡೆದುಕೊಂಡು ಹೋಗಬೇಕಾ ಮತ್ತೆ?” ಅಂದರು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಕಾಣಿಯೂರಿನಿಂದ ಮೇಲೆ, ಹನ್ನೆರಡು ಮನೆಗಳ ಒಂದು ಗುಡ್ಡದಲ್ಲಿ ಧರ್ಮಪಾಲಣ್ಣ ಇದ್ದಾರೆ. ಸುಳ್ಯದ ಕಡೆಯಿಂದ ಬಂದು ಅಲ್ಲಿ ಜಾಗ ಮಾಡಿದ ಗೌಡರು, ಮನೆಯಲ್ಲಿ ಆಡುವುದು ಅರೆಭಾಷೆ. ವಯಸ್ಸು ಅರವತ್ತೊಂದು. ಆ ಹನ್ನೆರಡು ಮನೆಗಳಿಗೆ ಅವರ ಪಿಕಪ್ಪೇ ಬಸ್ಸು, ಅದೇ ಆಂಬ್ಯುಲೆನ್ಸು. ಗ್ಯಾಸಿನ ಅಂಡೆಯಿಂದ ಹಿಡಿದು ಹೆರಿಗೆ ನೋವಿನ ಹೆಂಗಸರವರೆಗೆ ಅದರಲ್ಲೇ ಇಳಿಯಬೇಕು. ಸುಮಾರು ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಿಸಿದರೂ ಗಾಡಿಗೆ ಒಂದು ಗೀರು ಬೀಳಿಸಿದವರಲ್ಲ. ಅವರಿಗೆ ಒಂದೇ ಒಂದು ಜಂಬ ಇದ್ದರೆ ಅದು ಇದು.

ಈ ಸಲ ಅವರ ಗಾಡಿಗೆ ಎಫ್‌ಸಿ ಆದದ್ದು ಶುಕ್ರವಾರ ಮಧ್ಯಾಹ್ನ. ಮರುದಿನ ಬೆಳಿಗ್ಗೆಯೇ ಗುಡ್ಡದ ಒಂದು ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಪಾತ್ರೆ, ಕುರ್ಚಿ ಹೊರಬೇಕಿತ್ತು. “ಸರ್ವೋತ್ತಮಣ್ಣ, ಇವತ್ತೇ ಮಾಡಿಕೊಡಿ ಮಾರಾಯ್ರೆ, ಎಲ್ಲ ನನ್ನನ್ನೇ ನಂಬಿದ್ದಾರೆ” ಅಂದರು. ಇವರು ಒಂದು ದಿನದ ಕೆಲಸವನ್ನು ಅರ್ಧ ದಿನದಲ್ಲಿ ಮಾಡಿದರು. ಪ್ಲೇಟು ಕೂತಿತು, ಬ್ಲಾಕು ಕೂತಿತು, ಬೋಲ್ಟು ಬಿಗಿಯಾಯಿತು. ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಬ್ರೇಕು ಒತ್ತಿ ನೋಡಿ ಕೀ ಕೊಟ್ಟರು. ಸಮತಟ್ಟು ಅಂಗಳದಲ್ಲಿ ಎಲ್ಲ ಸರಿ ಇತ್ತು.

ಒಕ್ಕಲು ಮುಗಿದು ಭಾನುವಾರ ಖಾಲಿ ಪಾತ್ರೆ ಹೇರಿಕೊಂಡು ಇಳಿಯುವಾಗ, ಮೂರನೆಯ ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ಎಡಕ್ಕೆ ಆಳದ ಕಣಿ, ಬಲಕ್ಕೆ ಗುಡ್ಡ ಕಡಿದ ಮಣ್ಣಿನ ದರೆ. ಧರ್ಮಪಾಲಣ್ಣ ಸ್ಟೇರಿಂಗು ತಿರುಗಿಸಿ ದರೆಗೆ ಗುದ್ದಿದರು. ಅವರಿಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಲೋಲಾಕ್ಷಿಯಕ್ಕನ ಮೊಣಕಾಲು ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದು ಮುರಿಯಿತು.

ಗಾಡಿ ಎತ್ತಲು ಇವರನ್ನೇ ಕರೆದರು. ಇವರು ಅಡಿಗೆ ನುಗ್ಗಿ ನೋಡಿ ತುಂಬ ಹೊತ್ತು ಹೊರಗೆ ಬರಲಿಲ್ಲವಂತೆ. ಯಾರೋ ಕೇಳಿದರಂತೆ, “ಬ್ರೇಕ್ ಆಯಿಲ್ ಚೆಲ್ಲಿದೆ ಅಲ್ವಾ, ಎಂತ ಅದು?” ಇವರು ಹೇಳಿದ್ದು ಇಷ್ಟೇ: “ದರೆಗೆ ಗುದ್ದುವಾಗ ಪೈಪು ಹರಿದದ್ದು.”

ಆ ಒಂದು ಮಾತಿಗೆ ಊರು ತನ್ನ ಕಥೆ ಸೇರಿಸಿತು. ಪ್ರಾಯ ಆಯಿತಲ್ಲ, ಬ್ರೇಕ್ ಅಂತ ತುಳಿದದ್ದು ಎಕ್ಸಲೇಟರನ್ನು ಇರಬೇಕು, ಅಂತ.

ಇವರು ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತರು, ಕಲಸಿದ ಅನ್ನ ಹಾಗೆಯೇ ಇತ್ತು. ಯಾಕೆಂದು ನನಗೆ ಆಗ ಗೊತ್ತಾಗಲಿಲ್ಲ. ಗೊತ್ತಾದದ್ದು ನಾಲ್ಕು ದಿನ ಬಿಟ್ಟು, ಗ್ಯಾರೇಜು ಗುಡಿಸುವಾಗ. ಒಂದು ಡಬ್ಬಿಯ ಹಿಂದೆ ಹರಿದ ಬ್ರೇಕ್ ಪೈಪು ಸುತ್ತಿಟ್ಟಿದ್ದರು. ಅದಕ್ಕೆ ಚೀಟಿ ಕಟ್ಟಿದ ದಾರದ ತುಂಡು ಇನ್ನೂ ಇತ್ತು, ಕೆಂಪು ದಾರ. ಉದ್ದದ ಸಾಮಾನಿಗೆ ನಾನು ಹಸಿರು ದಾರ ಕಟ್ಟುವುದು. ಕೆಂಪು ಕಂಪೆನಿಯ ಗಿಡ್ಡದ್ದಕ್ಕೆ. ಗಾಡಿ ಎತ್ತರವಾದರೂ ಪೈಪು ಗಿಡ್ಡದ್ದೇ ಉಳಿದಿತ್ತು. ತಿರುವಿನಲ್ಲಿ ಚಕ್ರ ಹೊಂಡಕ್ಕೆ ಇಳಿದು ಜೋತಾಗ ಎಳೆದು ಹರಿದಿದೆ. ಗುದ್ದಿ ಹರಿದದ್ದಲ್ಲ, ಹರಿದು ಗುದ್ದಿದ್ದು.

“ಇದು ಎಂತ?” ಅಂತ ಕೇಳಿದೆ.

ಇವರು ಕೂತಲ್ಲಿಂದ ಏಳಲಿಲ್ಲ. “ಗುಡ್ಡಕ್ಕೆ ಹೋಗಿ ಉದ್ದದ್ದು ಹಾಕಿ ಬಂದೆ. ಈಗ ಗಾಡಿ ಸರಿ ಉಂಟು.”

“ಗಾಡಿ ಸರಿ ಉಂಟು. ಆ ಮನುಷ್ಯ?”

“ಹೇಳಿದರೆ ಪೊಲೀಸು ಕೇಸಾಗ್ತದೆ. ಗಾಡಿ ಎತ್ತಿದ್ದೇ ಕಾನೂನಿಗೆ ವಿರುದ್ಧ, ಗ್ಯಾರೇಜು ಮುಚ್ಚಬೇಕು. ಅಕ್ಕನ ಕಾಲು ಒಮ್ಮೆ ಗುಣ ಆಗಲಿ, ಆಮೇಲೆ ಹೇಳ್ತೇನೆ.”

ಕಾನೂನಿನ ಹೆದರಿಕೆ ಸುಳ್ಳಲ್ಲ. ಆದರೆ ಇಪ್ಪತ್ತೆಂಟು ವರ್ಷ ಇವರ ಜೊತೆ ಬಾಳಿದವಳಿಗೆ ಇನ್ನೊಂದು ಹೆದರಿಕೆಯೂ ಕಾಣುತ್ತದೆ. ಸರ್ವೋತ್ತಮಣ್ಣ ಕೈ ಹಾಕಿದರೆ ಮತ್ತೆ ನೋಡಲಿಕ್ಕಿಲ್ಲ ಎನ್ನುವ ಮಾತು ಇವರ ಅನ್ನದಷ್ಟೇ ಇವರಿಗೆ ಬೇಕು. ನನಗೆ ಸಿಟ್ಟು ಬಂತು. ಇವರ ಮೇಲೆ ಮಾತ್ರ ಅಲ್ಲ. ಆಮೇಲೆ ಎರಡು ತಿಂಗಳು ಇವರ ಜೊತೆ ನಾನೂ ಬಾಯಿ ಮುಚ್ಚಿ ಕೂತೆನಲ್ಲ, ಆ ನನ್ನ ಮೇಲೆ ಈಗಲೂ ಸಿಟ್ಟುಂಟು.

ಎರಡು ತಿಂಗಳು ಕಳೆದ ಮೇಲೆ ಧರ್ಮಪಾಲಣ್ಣ ಗ್ಯಾರೇಜಿಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ಅವರು ಬಸ್ಸಿನಿಂದ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಚಾ ತಂದು ಕೊಟ್ಟೆ.

“ಗಾಡಿಗೆ ಒಬ್ಬ ಗಿರಾಕಿ ಹುಡುಕಿ ಕೊಡಿ, ಸರ್ವೋತ್ತಮಣ್ಣ. ನನಗೆ ಇನ್ನು ಬೇಡ.”

“ಯಾಕೆ?” ಅಂತ ಇವರು ಕೇಳಿದ್ದು ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

“ಈ ಕಾಲಿನ ಮೇಲೆ ನಂಬಿಕೆ ಇಲ್ಲ. ನಾನು ಬ್ರೇಕನ್ನೇ ತುಳಿದದ್ದು ಅಂತ ನನಗೆ ನೆನಪು. ಆದರೆ ಎಲ್ಲರೂ ಅಲ್ಲ ಅಂತ ಹೇಳುವಾಗ ಎಂತ ಹೇಳುದು? ಮನೆಯವಳೂ ಗಾಡಿ ಹತ್ತುದಿಲ್ಲ.” ಲೋಟ ಕೆಳಗಿಟ್ಟು ಹೇಳಿದರು, “ನೀವು ಅಷ್ಟು ಚಂದ ಮಾಡಿಕೊಟ್ಟ ಗಾಡಿ. ಎರಡು ದಿನವೂ ನೆಟ್ಟಗೆ ಇಟ್ಟುಕೊಳ್ಳಲಿಲ್ಲ ನಾನು. ಬೇಜಾರು ಮಾಡಬೇಡಿ.”

ಅವರು ನಮ್ಮ ಹತ್ತಿರ ಕ್ಷಮೆ ಕೇಳುತ್ತಿದ್ದರು! ಇವರು ತಲೆ ತಗ್ಗಿಸಿ “ನೋಡುವ” ಎಂದರು. ಬಸ್ಸು ಹೋದ ಮೇಲೆ ನಾನು ಹೇಳಿದೆ, “ಬರುವ ಭಾನುವಾರ ನಾವು ಹೋಗುದು. ನೀವು ಬಾಯಿ ಬಿಡದಿದ್ದರೆ ನಾನು ಬಿಡ್ತೇನೆ. ಗ್ಯಾರೇಜು ಮುಚ್ಚಿದರೆ ನಾನು ಬೀಡಿ ಕಟ್ಟಿ ಸಾಕ್ತೇನೆ ನಿಮ್ಮನ್ನು.” ಭಾನುವಾರ ಬೆಳಿಗ್ಗೆ ಇವರು ನನಗಿಂತ ಮೊದಲೇ ಅಂಗಿ ಹಾಕಿ ನಿಂತಿದ್ದರು.

ಸ್ಕೂಟರಿನಲ್ಲಿ ಗುಡ್ಡ ಹತ್ತಿದೆವು. ಲೋಲಾಕ್ಷಿಯಕ್ಕ ಕೋಲು ಹಿಡಿದು ಬಂದು ಬೆಲ್ಲ, ನೀರು ಕೊಟ್ಟರು. ನಾನು ಅವರ ಹಿಂದೆಯೇ ಅಡುಗೆಮನೆಗೆ ಹೋದೆ.

“ನನಗೆ ನೋವು ಕಮ್ಮಿ ಉಂಟು ಪಂಕಜಾಕ್ಷಿ. ನಮ್ಮವರದೇ ತಲೆಬಿಸಿ,” ಅಂದರು. “ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಬಲಗಾಲಲ್ಲಿ ನೆಲ ಒತ್ತಿ ಒತ್ತಿ ನೋಡುದು. ಹೇಳಿದ ಹಾಗೆ ಕೇಳ್ತದಾ ಅಂತ. ಯಾರಾದರೂ ಬಂದರೆ ನಿಲ್ಲಿಸ್ತಾರೆ.”

ಅಷ್ಟರಲ್ಲಿ ಜಗಲಿಯಿಂದ ಇವರ ಸ್ವರ ಕೇಳಿತು. ಇವರು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನಾನು ಬಾಗಿಲಿಗೆ ಬಂದಾಗ ಧರ್ಮಪಾಲಣ್ಣ ಇವರ ಮುಖವನ್ನೇ ನೋಡುತ್ತ ಕೂತಿದ್ದರು.

“ಇನ್ನೊಮ್ಮೆ ಹೇಳಿ, ಸರ್ವೋತ್ತಮಣ್ಣ. ಜೋರಾಗಿ ಹೇಳಿ. ಇವಳು ಒಳಗೆ ಇದ್ದಳು.”

ಲೋಲಾಕ್ಷಿಯಕ್ಕ ಕೋಲು ಊರಿಕೊಂಡು ಹೊರಗೆ ಬಂದು ನಿಂತರು. ಇವರು ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ಮತ್ತೆ ಹೇಳಿದರು. ಪೈಪು ಬದಲಿಸಲು ಮರೆತದ್ದು ತಾನು. ಬ್ರೇಕು ಹೋದ ಮೇಲೆ ಗುದ್ದಿದ್ದು. ಧರ್ಮಪಾಲಣ್ಣ ತುಳಿದದ್ದು ಬ್ರೇಕನ್ನೇ. ಅವರು ದರೆಗೆ ತಿರುಗಿಸದಿದ್ದರೆ ಗಾಡಿ ಕಣಿಗೆ ಹೋಗುತ್ತಿತ್ತು.

“ನಿಮಗೆ ಯಾವಾಗ ಗೊತ್ತಾದದ್ದು?” ಅಂತ ಅಕ್ಕ ಕೇಳಿದರು.

“ಅದೇ ದಿನ.”

ಅಕ್ಕ ಇವರನ್ನು ಬೈಯಲಿಲ್ಲ. ಗಂಡನ ಕಡೆ ತಿರುಗಿದರು. “ನಾನು ನಿಮಗೆ ಎಂತೆಲ್ಲ ಹೇಳಿದೆ,” ಅಂದರು. “ಎಷ್ಟೆಲ್ಲ ಹೇಳಿದೆ.” ಆಮೇಲೆ ಅಳಲು ಸುರುಮಾಡಿದರು.

ಧರ್ಮಪಾಲಣ್ಣ ಒಳಗೆ ಹೋಗಿ ಕೀ ತಂದರು. ನಮ್ಮನ್ನು ದಾಟಿ ಅಂಗಳಕ್ಕೆ ಇಳಿದು ಪಿಕಪ್ಪು ಸ್ಟಾರ್ಟು ಮಾಡಿದರು, ಎಡಗಡೆಯ ಬಾಗಿಲು ತೆರೆದು ಹೆಂಡತಿಗಾಗಿ ಕಾದರು. ಅಕ್ಕ ಕಣ್ಣೊರಸಿಕೊಂಡು ನಿಧಾನಕ್ಕೆ ನಡೆದು ಹೋದರು. ಆದರೆ ಗಾಡಿ ನಾಲ್ಕು ಬೆರಳು ಎತ್ತರ. ಆ ಕಾಲು ಮೆಟ್ಟಿಲಿಗೆ ಏರಲಿಲ್ಲ. ಒಮ್ಮೆ ಹತ್ತಿ ನೋಡಿದರು, ಇನ್ನೊಮ್ಮೆ ನೋಡಿದರು. ಇವರು ಜಗಲಿಯ ಮಣೆ ಎತ್ತಿಕೊಂಡು ಓಡಿದರು.

“ಬೇಡ,” ಅಂದರು ಧರ್ಮಪಾಲಣ್ಣ. ಸ್ವರ ಏರಿಸಲಿಲ್ಲ. “ನೀವು ಮುಟ್ಟಬೇಡಿ. ನಾನು ಹತ್ತಿಸ್ತೇನೆ.”

ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನಲ್ಲಿ ಕೂರಿಸಿದರು. ಗಾಡಿ ಗುಡ್ಡ ಇಳಿಯಿತು. ಇವರು ಮಣೆ ಹಿಡಿದುಕೊಂಡು ಅಂಗಳದ ನಡುವೆ ನಿಂತಿದ್ದರು, ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ.