ಉಪ್ಪು ನೋಡುವ ಬಾಯಮ್ಮ

ಖೈರುನ್ನಿಸಾರ ಕೈರುಚಿಗೆ ಹೆಸರಿಡುವವರು ಬಿಜೈಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ನಿಜ ಹೇಳಬೇಕಲ್ಲ, ರಂಜಾನ್ ತಿಂಗಳ ಮಟ್ಟಿಗೆ ಆ ಕೀರ್ತಿಯಲ್ಲಿ ಅರ್ಧ ಪಾಲು ಪಕ್ಕದ ಮನೆಯ ಸೆವ್ರಿನ್ ಬಾಯಿಯದ್ದು, ಇವರು ಕರೆಯುವ ಹಾಗೆ ಬಾಯಮ್ಮನದ್ದು. ನೋಂಬು ಹಿಡಿದವರು ಬೇಯಿಸಿದ್ದನ್ನು ತಿಂದು ನೋಡುವ ಹಾಗಿಲ್ಲ. ತುದಿನಾಲಗೆಗೆ ತಾಗಿಸಿ ಉಗುಳಿದರೆ ತಪ್ಪಿಲ್ಲ ಎನ್ನುವವರೂ ಇದ್ದಾರೆ, ಆದರೆ ಖೈರುನ್ನಿಸಾರ ತಾಯಿ ಬೀಫಾತಿಮ್ಮ ಅದಕ್ಕೂ ಒಪ್ಪದ ಹೆಂಗಸು. ಮಗಳಿಗೂ ಅದೇ ಪಾಠ. ಹಾಗಾಗಿ ಮದುವೆಯಾಗಿ ಈ ಮನೆಗೆ ಬಂದ ಮೊದಲ ರಂಜಾನಿನಲ್ಲಿ ಗಂಜಿ ಉಪ್ಪುಪ್ಪಾಗಿ, ಅತ್ತೆಯ ಮುಖ ಊದಿಕೊಂಡಿತ್ತು. ಮರುದಿನ ಸಂಜೆ ನಾಲ್ಕಕ್ಕೆ ಕಾಂಪೌಂಡ್ ಗೋಡೆಯ ಆಚೆಯಿಂದ ಒಂದು ಕೈ ಚಾಚಿತು.

"ತಾ ಇಲ್ಲಿ, ನಾನು ನೋಡಿ ಹೇಳ್ತೇನೆ. ನನಗೆಂತ ನೋಂಬು ಉಂಟಾ?"

ಅಂದಿನಿಂದ ಮೂವತ್ತೊಂದು ವರ್ಷ ಅದೇ ಪದ್ಧತಿ. ರಂಜಾನಿನಲ್ಲಿ ಖೈರುನ್ನಿಸಾ ಉಪ್ಪಿನ ಭರಣಿಯನ್ನು ನಾಲ್ಕು ಗಂಟೆಯವರೆಗೆ ಮುಟ್ಟುವುದೇ ಇಲ್ಲ. ಮೆಂತೆ ಗಂಜಿ ಕುದಿದ ಮೇಲೆ ಒಂದು ಅಂದಾಜಿಗೆ ಉಪ್ಪು ಹಾಕಿ, ಒಂದು ಸೌಟು ಹಿಡಿದುಕೊಂಡು ಗೋಡೆಯ ಹತ್ತಿರ ಹೋಗುವುದು. ಅಲ್ಲಿ ಮೇಲಿನ ಎರಡು ಕಲ್ಲು ಬಿದ್ದು ತಟ್ಟೆ ದಾಟಿಸುವಷ್ಟು ಸಂದು ಉಂಟು. ಬಾಯಮ್ಮ ಊದಿ, ಕುಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಆಮೇಲೆ ಒಂದೇ ಮಾತು. "ಕಮ್ಮಿ" ಅಥವಾ "ಸಾಕು". ಅದರ ಮೇಲೆ ಅಪೀಲಿಲ್ಲ. ಕೋರ್ಟಿನ ಜಡ್ಜ್ ಕೂಡ ಅಷ್ಟು ಖಂಡಿತವಾಗಿ ಹೇಳಲಿಕ್ಕಿಲ್ಲ!

ಇತ್ತಲಿಂದ ಗಂಜಿ ಹೋದರೆ ಅತ್ತಲಿಂದ ಬರುತ್ತಿದ್ದದ್ದು ಗುಡ್ ಫ್ರೈಡೇಯ ಬನ್ನು. ದಾಲ್ಚಿನ್ನಿ, ಜಾಯಿಕಾಯಿಯ ಪರಿಮಳ, ಒಳಗೆ ಒಣದ್ರಾಕ್ಷಿ, ಮೇಲೆ ಸಕ್ಕರೆ ಪಾಕದ ಹೊಳಪು. ಬಾಯಮ್ಮ ತಮ್ಮ ಮನೆಯ ಬನ್ನುಗಳ ಮೇಲೆ ಬಿಳಿ ಶಿಲುಬೆ ಎಳೆಯುತ್ತಿದ್ದರು. ಖೈರುನ್ನಿಸಾರ ಮನೆಗೆಂದು ಎತ್ತಿಟ್ಟ ಆರು ಬನ್ನುಗಳನ್ನು ಮಾತ್ರ ಬೋಳಾಗಿಯೇ ಬಿಡುತ್ತಿದ್ದರು. ಹಾಗೆ ಮಾಡಿ ಎಂದು ಇವರು ಹೇಳಿದ್ದಿಲ್ಲ, ಯಾಕೆ ಎಂದು ಕೇಳಿದ್ದೂ ಇಲ್ಲ.

ನಾಲ್ಕು ತಿಂಗಳ ಹಿಂದೆ ಬಾಯಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಖೈರುನ್ನಿಸಾ ನೋಡಲು ಹೋಗಿದ್ದರು. ಬಾಯಮ್ಮ ಕಿಟಕಿಯ ಕಡೆ ನೋಡುವ ಹಾಗೆಯೇ ಇವರನ್ನೂ ನೋಡಿ ಕಣ್ಣು ತಿರುಗಿಸಿಕೊಂಡರು. ಆ ನೋಟವನ್ನು ಇವರಿಗೆ ತಡೆದುಕೊಳ್ಳಲಾಗಲಿಲ್ಲ. ಆಮೇಲೆ ಮೀನುಸಾರು ಕಳಿಸಿದರು, ಅಕ್ಕಿರೊಟ್ಟಿಯಂಥ ಪತ್ತಿರ್ ಕಳಿಸಿದರು, ಎಲ್ಲ ಬಾಯಮ್ಮನ ಮಗಳು ನತಾಶಾಳ ಕೈಯಲ್ಲಿ. ತಾನು ಮಾತ್ರ ಹೊಸ್ತಿಲು ತುಳಿಯಲಿಲ್ಲ. ಹೆದರಿಕೆ, ಮತ್ತೇನಲ್ಲ. ಗೆಳತಿ ಅಲ್ಲಿಯೇ ಕೂತಿರುವಾಗ ಗೆಳತಿ ಇಲ್ಲ ಎಂದು ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ. ಈ ರಂಜಾನಿನಲ್ಲಿ ಗಂಜಿ ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಗಂಡ ಉಸ್ಮಾನ್, ಪಾತ್ರೆ ಅಂಗಡಿಯ ಯಜಮಾನ, ಬಾಯಿ ಬಿಡದೆ ಕುಡಿದೇಳುತ್ತಿದ್ದರು. ಪಾಪ, ಅವರಿಗೂ ಗೊತ್ತುಂಟಲ್ಲ.

ಈ ಸಲ ಗುಡ್ ಫ್ರೈಡೇ ರಂಜಾನಿನ ಮಧ್ಯದಲ್ಲೇ ಬಂತು. ಹಿಂದಿನ ದಿನ ನತಾಶಾ ಗೋಡೆಯ ಸಂದಿನಲ್ಲಿ ಮುಖ ತೋರಿಸಿದಳು.

"ಆಂಟಿ, ನಾಳೆ ಮೂರು ಗಂಟೆಗೆ ನನಗೆ ಇಗರ್ಜಿಗೆ ಹೋಗ್ಲಿಕ್ಕೆ ಉಂಟು. ಅಮ್ಮನ ಹತ್ತಿರ ಸ್ವಲ್ಪ ಕೂತ್ಕೊಳ್ತೀರಾ?"

ಖೈರುನ್ನಿಸಾ ಒಣಗಿದ್ದ ಕೈಯನ್ನೇ ಸೆರಗಿಗೆ ಮತ್ತೆ ಒರೆಸಿಕೊಂಡರು.

"ನೀವು ಬರುವುದೇ ಇಲ್ಲ ಆಂಟಿ," ಎಂದಳು ನತಾಶಾ ಮೆಲ್ಲಗೆ. "ಡಾಕ್ಟರು ಹೇಳ್ತಾರೆ, ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು. ಗುರುತಿನವರು ಹತ್ತಿರ ಬಂದು ಹೋಗ್ತಾ ಇರಬೇಕಂತೆ. ಬೇರೆ ಯಾರುಂಟು ಅವರಿಗೆ ಅಷ್ಟು ಗುರುತು?"

ಅದು ನೇರ ಎದೆಗೇ ತಾಗಿತು. "ಬರ್ತೇನೆ ಮಗಳೇ," ಎಂದುಬಿಟ್ಟರು. ಹೇಳಿಯಾದ ಮೇಲೆ ಚಿಂತೆ. ಹೋಗಿ ಎಂತ ಮಾತಾಡುವುದು? ಬರಿಗೈಯಲ್ಲಿ ಹೋಗಿ ಆ ಕಣ್ಣಿನ ಎದುರು ಕೂರುವುದು ಹೇಗೆ? ಈ ವರ್ಷ ಆ ಮನೆಯಲ್ಲಿ ಬನ್ನಿಲ್ಲ ಎಂಬುದು ಆಗ ಹೊಳೆಯಿತು. ಬಾಯಮ್ಮನಿಗೆ ನನ್ನ ಗುರುತು ಹತ್ತದಿದ್ದರೂ ಬನ್ನಿನ ಗುರುತು ಹತ್ತೀತು ಎಂದುಕೊಂಡರು.

ಮಗಳು ರುಮೈಸಾ ಮದುವೆಗೆ ಮೊದಲು ಕೇಕ್ ಮಾಡುತ್ತೇನೆಂದು ತಂದಿಟ್ಟ ಓವನ್ ಹಳೆಯ ದುಪಟ್ಟಾದ ಅಡಿಯಲ್ಲಿ ಮಲಗಿತ್ತು. ಮರುದಿನ ಬೆಳಿಗ್ಗೆ ಅದನ್ನು ಒರೆಸಿಟ್ಟು ಪಡೀಲಿಗೆ, ಮಗಳ ಮನೆಗೆ ಫೋನು ಮಾಡಿದರು.

"ನೋಂಬಿನಲ್ಲಿ ಬನ್ ಮಾಡುವುದಾ ಉಮ್ಮಾ? ಬೇಕರಿಯಲ್ಲಿ ಸಿಗ್ತದಲ್ಲ."

"ಬೇಕರಿಯದ್ದು ಬೇಕರಿಯವರ ಗುರುತು. ನೀನು ಲೆಕ್ಕ ಹೇಳು, ನಾನು ಬರ್ಕೊಳ್ತೇನೆ."

ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಎಲ್ಲ ಬರೆದುಕೊಂಡರು. ಮೈದಾ, ಯೀಸ್ಟು, ಬೆಚ್ಚಗಿನ ಹಾಲು, ಬೆಣ್ಣೆ, ಸಕ್ಕರೆ, ಉಪ್ಪು, ಮಸಾಲೆ. ಉಗುರುಬೆಚ್ಚಗಿನ ಹಾಲಿಗೆ ಯೀಸ್ಟು ಬಿದ್ದದ್ದೇ ನೊರೆಯೆದ್ದಿತು. ಹಿಟ್ಟು ಮೊದಲು ಕೈಗೆಲ್ಲ ಅಂಟಿ ಗೋಳು ಹೊಯ್ದುಕೊಂಡು, ನಾದುತ್ತ ನಾದುತ್ತ ಮಗುವಿನ ಗಲ್ಲದಷ್ಟು ಮೆತ್ತಗಾಯಿತು. ಇನ್ನು ಒಂದು ಗಂಟೆ ಮುಚ್ಚಿಡಬೇಕು, ಉಬ್ಬುತ್ತದೆ ಎಂದಿದ್ದಳು ರುಮೈಸಾ. ಒದ್ದೆ ಬಟ್ಟೆ ಹೊದಿಸಿಟ್ಟು, ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡೋಣವೆಂದು ಪಡಸಾಲೆಯ ಕೆಂಪು ನೆಲಕ್ಕೆ ಒರಗಿದರು.

ಹೊರಗೆ ಮಾರ್ಚ್ ತಿಂಗಳ ಬಿಸಿಲು. ಗುಡ್ ಫ್ರೈಡೇ ದಿನ ಇಗರ್ಜಿಯ ಗಂಟೆ ಬಾರಿಸುವುದಿಲ್ಲ, ಹಾಗಾಗಿ ಹೊತ್ತು ಎಷ್ಟಾಯಿತೆಂದು ಕಿವಿಗೂ ಗೊತ್ತಾಗಲಿಲ್ಲ. ಬಸ್ ನಿಲ್ದಾಣದ ಗದ್ದಲ ದೂರ ದೂರ ಸರಿಯಿತು. ಖಾಲಿ ಹೊಟ್ಟೆಯ ನಿದ್ದೆ ಎಂದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮೈ ನೆಲದ ಮೇಲೆ, ಮನಸ್ಸು ಇನ್ನೆಲ್ಲೋ. ಖೈರುನ್ನಿಸಾ ಗೋಡೆಯ ಹತ್ತಿರ ನಿಂತಿದ್ದರು. ಗೋಡೆ ಮೆಲ್ಲಗೆ ಉಸಿರಾಡುತ್ತಿತ್ತು. ಮುಟ್ಟಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗೆ, ಬೆಚ್ಚಗೆ. ಆಚೆ ಬಾಯಮ್ಮ, ಅಂದಿನ ಪ್ರಾಯದ ಬಾಯಮ್ಮ, ಹೂವಿನ ಗೌನು ಹಾಕಿಕೊಂಡು, ಮೊಣಕೈಯವರೆಗೆ ಮೈದಾ ಮೆತ್ತಿಕೊಂಡು ನಗುತ್ತಿದ್ದರು. ಏನೋ ಹೇಳುತ್ತಿದ್ದರು ಕೂಡ. ತುಟಿ ಅಲ್ಲಾಡುವುದು ಕಾಣುತ್ತದೆ, ಸದ್ದಿಲ್ಲ. ಗೋಡೆ ಉಬ್ಬುತ್ತಾ ಉಬ್ಬುತ್ತಾ ಮೇಲೇರಿ ಅವರ ಕುತ್ತಿಗೆಯವರೆಗೆ ಬಂತು, ಗಲ್ಲದವರೆಗೆ ಬಂತು. "ಬಾಯಮ್ಮಾ, ಜೋರಾಗಿ ಹೇಳಿ, ಕೇಳುವುದಿಲ್ಲ!" ಎಂದು ಕೂಗಬೇಕೆಂದರೆ ಇವರಿಗೂ ದನಿ ಹೊರಡಲಿಲ್ಲ.

ಜುಮಾ ನಮಾಜಿನ ಬಾಂಗಿಗೆ ಎಚ್ಚರವಾಯಿತು. ಅಡುಗೆಮನೆಗೆ ಹೋಗಿ ನೋಡಿದರೆ, ಅಲ್ಲಾಹ್! ಹಿಟ್ಟು ಬಟ್ಟೆಯನ್ನು ಹೊತ್ತುಕೊಂಡು ಪಾತ್ರೆಯಿಂದಾಚೆ ಇಳಿದು, ಅಡುಗೆಕಟ್ಟೆಯ ಮೇಲೆ ಹರಡಿಕೊಂಡು ಕೂತಿತ್ತು. ಇಷ್ಟು ಬೇಗ, ಇಷ್ಟೊಂದು ಉಬ್ಬುತ್ತದೆಂದು ರುಮೈಸಾ ಹೇಳಿರಲಿಲ್ಲ. ಬಳಿದು ಒಟ್ಟು ಮಾಡಿ ಉಂಡೆ ಕಟ್ಟಿದರು. ಒಟ್ಟು ಹನ್ನೆರಡು ಬನ್ನಾಯಿತು.

ಉಸ್ಮಾನ್ ಮಸೀದಿಯಿಂದ ಬಂದಾಗ ಹೆಂಡತಿ ಪ್ಲಾಸ್ಟಿಕ್ ತೊಟ್ಟೆಯ ಮೂಲೆ ಕತ್ತರಿಸಿ, ಅದರಿಂದ ಮೈದಾದ ಗೊಜ್ಜು ಹಿಂಡುತ್ತ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದರು.

"ಎಂತ ಮಾರಾಯ್ತಿ ಇದು, ಕ್ರಾಸಾ?"

"ಬಾಯಮ್ಮನಿಗೆ. ಅವರು ಮೂವತ್ತೊಂದು ವರ್ಷ ನಮಗೆ ಬೇಕಾದ ಹಾಗೆ ಮಾಡಿದ್ರು. ಇವತ್ತು ಅವರಿಗೆ ಬೇಕಾದ ಹಾಗೆ."

ಉಸ್ಮಾನ್ ಸ್ವಲ್ಪ ಹೊತ್ತು ನೋಡಿದರು. "ಅದು ಸೊಟ್ಟ ಉಂಟು ಖೈರು. ಎಡಕ್ಕೆ ಎಳಿ," ಎಂದು ಟೊಪ್ಪಿ ತೆಗೆದಿಟ್ಟು ಒಳಗೆ ಹೋದರು.

ಓವನಿನಿಂದ ಪರಿಮಳ ಎದ್ದಾಗ ಖೈರುನ್ನಿಸಾರ ಕಣ್ಣು ತುಂಬಿತು. ಅದೇ ಪರಿಮಳ! ಗೋಡೆ ದಾಟಿ ಬರುತ್ತಿದ್ದದ್ದು ಈಗ ಗೋಡೆಯ ಈಚೆ. ತಿಂದು ನೋಡುವ ಹಾಗಿಲ್ಲ. ಮೂಸಿ, ಮುಟ್ಟಿ, ಪಾಕ ಸವರಿ, ತಟ್ಟೆಗೆ ಹಾಕಿ ಮುಚ್ಚಿಕೊಂಡು ಮೂರು ಗಂಟೆಗೆ ಪಕ್ಕದ ಮನೆಯ ಮೆಟ್ಟಿಲು ಹತ್ತಿದರು.

ನತಾಶಾ ಇಗರ್ಜಿಗೆ ಹೊರಟುಹೋದಳು. ಬಾಯಮ್ಮ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಜೀವ ಸಣ್ಣಗಾಗಿತ್ತು. ಖೈರುನ್ನಿಸಾ ಎದುರಿಗೆ ಸ್ಟೂಲು ಎಳೆದು ಕೂತು, ಬನ್ನಿನ ಮೆತ್ತಗಿನ ಚೂರೊಂದನ್ನು ಬೆಚ್ಚಗಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರು. ತಾನೇ ಏನೇನೋ ಮಾತಾಡಿದರು, ಓವನಿನ ಕತೆ, ಹಿಟ್ಟು ಹರಿದ ಕತೆ. ಬಾಯಮ್ಮ ನಿಧಾನಕ್ಕೆ ಅಗಿದರು. ನುಂಗಿದರು. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಚೂರು. ಅದೂ ಒಳಗೆ ಹೋಯಿತು. ಇಷ್ಟೇ ಏನೋ ಎಂದುಕೊಂಡು ಖೈರುನ್ನಿಸಾ ತಟ್ಟೆ ಮುಚ್ಚಲು ಕೈ ಚಾಚಿದರು.

ಆಗ ಬಾಯಮ್ಮ ಕಣ್ಣು ಮುಚ್ಚಿದರು. ಒಂದು ಗಳಿಗೆ ಸುಮ್ಮನಿದ್ದರು. ತುಟಿ ಒಂದು ಕಡೆಗೆ ಎಳೆಯಿತು, ಒಳಗಿನಿಂದ ಏನೋ ತೊಡರುತ್ತಾ ಹೊರಬಂತು.

"ಕ... ಕಮ್ಮಿ."

ಖೈರುನ್ನಿಸಾ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ಎಂತ ಬಾಯಮ್ಮಾ? ಎಂತ ಹೇಳಿದ್ರಿ?"

ಬಾಯಮ್ಮ ಕಣ್ಣು ತೆರೆದು ನೇರ ಇವರನ್ನೇ ನೋಡಿದರು. ಅದು ಕಿಟಕಿ ನೋಡುವ ನೋಟ ಅಲ್ಲವೇ ಅಲ್ಲ, ದಡ್ಡಿಯನ್ನು ನೋಡುವ ನೋಟ. ಸಿಟ್ಟೇ ಬಂದಿತ್ತು.

"ಕಮ್ಮಿ!"

ಬೆಳಿಗ್ಗೆಯ ಕೆಲಸವೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಕ್ಯಾಲೆಂಡರಿನ ಬೆನ್ನಿಗೆ ಉಪ್ಪು ಎಂದು ಬರೆದದ್ದುಂಟು, ಭರಣಿ ಮುಟ್ಟಿದ್ದಿಲ್ಲ. ರಂಜಾನಿನಲ್ಲಿ ನಾಲ್ಕು ಗಂಟೆಗೆ ಮೊದಲು ಆ ಭರಣಿಗೆ ಕೈ ಹಾಕಿ ಗೊತ್ತಿದ್ದರೆ ತಾನೆ! ಯೀಸ್ಟನ್ನು ಹಿಡಿತದಲ್ಲಿಡುವ ಉಪ್ಪೇ ಇಲ್ಲದ ಹಿಟ್ಟು ಲಂಗುಲಗಾಮಿಲ್ಲದೆ ಉಬ್ಬಿದ್ದು ಸುಮ್ಮನೆಯಾ? ಗಂಜಿಯಾದರೆ ಆಮೇಲೆ ಹಾಕಿ ಸರಿಮಾಡಬಹುದು, ಬೆಂದ ಬನ್ನಿಗೆ ಎಂತ ಮಾಡುವುದು? ಖೈರುನ್ನಿಸಾ ನಕ್ಕರು, ನಗುತ್ತಲೇ ಅತ್ತರು, ಬಾಯಮ್ಮನ ಎಡಗೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಆ ಕೈ ಇವರ ತಲೆಯ ಮೇಲೆ ಎರಡು ಸಲ ಮೆಲ್ಲಗೆ ಬಡಿಯಿತು.

ನತಾಶಾ ಇಗರ್ಜಿಯಿಂದ ಬಂದಾಗ ಖೈರುನ್ನಿಸಾ ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಅಮ್ಮನ ಕಾಲ ಬಳಿ ಕುಸಿದು ಕೂತಳು. ಅವರಿಬ್ಬರನ್ನು ಹಾಗೇ ಬಿಟ್ಟು ಖೈರುನ್ನಿಸಾ ಮನೆಗೆ ಓಡಿ, ಗಂಜಿ ಕುದಿಸಿ, ಅಂದಾಜಿಗೆ ಉಪ್ಪು ಹಾಕಿ, ಸೌಟು ಹಿಡಿದು ಮತ್ತೆ ಬಂದರು. ಈ ಸಲ ಗೋಡೆಯ ಸಂದಿಗಲ್ಲ, ಕುರ್ಚಿಯ ಹತ್ತಿರಕ್ಕೇ.

ಸೂರ್ಯ ಮುಳುಗಿದ ಮೇಲೆ ಉಸ್ಮಾನ್ ಖರ್ಜೂರ ತಿಂದು, ನೀರು ಕುಡಿದು, ಗಂಜಿಯ ಬಟ್ಟಲು ತುಟಿಗೆ ಹಚ್ಚಿದರು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಬಟ್ಟಲನ್ನು ಒಮ್ಮೆ, ಹೆಂಡತಿಯ ಮುಖವನ್ನು ಒಮ್ಮೆ ನೋಡಿದರು.

"ಉಪ್ಪು ಸರಿ ಉಂಟಲ್ಲ ಖೈರು. ಯಾರು ನೋಡಿದ್ದು?"

"ಮತ್ತೆ ಯಾರು?" ಎಂದರು ಖೈರುನ್ನಿಸಾ. "ಬಾಯಮ್ಮ."