ನಿಂತಲ್ಲೇ ನಿಂತ ಹಸಿರು ಚುಕ್ಕಿ

ಆಫೀಸಿನಲ್ಲಿ ಅವಳಿಗೆ ಇಟ್ಟ ಅಡ್ಡಹೆಸರು ಸುಣ್ಣಬಣ್ಣ. ಒಂಬತ್ತು ವರ್ಷದಿಂದ ಅವಳ ಕೆಲಸವೆಂದರೆ ಜನ ಕಣ್ಣಿಂದ ನೋಡಿ ಬೆರಳಿಂದ ಒತ್ತುವ ಆ್ಯಪ್ ಪರದೆಗಳನ್ನು ಕಟ್ಟುವುದು. ಪರದೆಯ ಹಿಂದೆ, ಸರ್ವರಿನಲ್ಲಿ, ನಡೆಯುವುದೆಲ್ಲ ಬೇರೆಯವರ ಪಾಲು. ಅವರಿಗೆ ಅದರ ಜಂಬವೂ ಇತ್ತು ಅನ್ನಿ. ಅವಳದು ಒಂದೇ ಹಟ: ಪರದೆ ಯಾವತ್ತೂ ಖಾಲಿ ಕಾಣಬಾರದು. ಖಾಲಿ ಕಂಡರೆ ಜನ ಗಾಬರಿಯಾಗುತ್ತಾರೆ.

ಅವಳ ಅಕ್ಕ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಎರಡು ನಿಮಿಷ ತಡವಾದರೆ ಸಾಕು, ಹೆತ್ತವರ ಫೋನು ಒಂದರ ಮೇಲೊಂದು.

"ಸ್ಟೇರಿಂಗ್ ಹಿಡೀಲಾ, ಫೋನ್ ಹಿಡೀಲಾ? ತಲೆ ಚಿಟ್ಟು ಹಿಡಿದುಹೋಗಿದೆ ಕಣೇ," ಎಂದು ಅಕ್ಕ ಗೋಳಾಡಿದಾಗ ತಂಗಿ ಟೊಂಕ ಕಟ್ಟಿ ನಿಂತಳು. ವ್ಯಾನ್ ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸುವ ಆ್ಯಪ್ ಮಾಡುವುದು, ಸರ್ವರಿನ ಭಾಗವನ್ನೂ ತಾನೇ ಬರೆಯುವುದು.

ಸರ್ವರಿಗೆ ಬೇಕಾದ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಮೂರು ತಿಂಗಳು ತಿಣುಕಿದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ತಟ್ಟೆ ಮಡಿಲಲ್ಲಿ. ಅಕ್ಕನ ಫೋನು ಹತ್ತು ಸೆಕೆಂಡಿಗೊಮ್ಮೆ ತಾನಿರುವ ಜಾಗ ಕಳಿಸಬೇಕು, ಸರ್ವರ್ ಅದನ್ನು ಹೆತ್ತವರಿಗೆ ದಾಟಿಸಬೇಕು. ಫೋನಿನಿಂದ ಏನೂ ಬಾರದಿದ್ದರೆ? ಹಳೇ ಚಾಳಿ ಬಿಡಲಿಲ್ಲ. ಕೊನೆಗೆ ಸಿಕ್ಕ ಜಾಗವನ್ನೇ ತೋರಿಸು ಎಂದು ಒಂದು ಸಾಲು ಬರೆದಳು. ನಕ್ಷೆಯಲ್ಲಿ ಹಸಿರು ಚುಕ್ಕಿ ಸದಾ ಇತ್ತು, ಫೋನುಗಳು ನಿಂತವು, ಅಕ್ಕ ಹಿಗ್ಗಿ ಹೀರೇಕಾಯಿಯಾದಳು.

ಆ ಬುಧವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಚುಕ್ಕಿ ದಾರಿಯ ಕೊನೆಯ ಟ್ರಾಫಿಕ್ ಸಿಗ್ನಲ್ಲಿನಲ್ಲಿತ್ತು. ಐದಕ್ಕೂ ಅಲ್ಲೇ ಇತ್ತು. ಟ್ರಾಫಿಕ್ಕಿರಬೇಕು ಎಂದುಕೊಂಡು ಅವಳು ಕಾಫಿಗೆ ಎದ್ದಳು. ಆಸ್ಪತ್ರೆಯಿಂದ ಫೋನು ಬಂತು.

ವ್ಯಾನು ಸಿಗ್ನಲ್ ದಾಟಿ, ಗೋದಾಮುಗಳ ಹಿಂದಿನ ನಿರ್ಜನ ರಸ್ತೆಯಲ್ಲಿ ಹಳ್ಳಕ್ಕೆ ಉರುಳಿತ್ತು. ಅಲ್ಲಿ ನೆಟ್‌ವರ್ಕ್ ಇಲ್ಲ. ಸೀಟಿನಡಿ ಕಾಲು ಸಿಕ್ಕಿಕೊಂಡ ಅಕ್ಕ, ಅಳುವ ಮೂರು ಪುಟ್ಟ ಮಕ್ಕಳು. ಲಾರಿಯವನೊಬ್ಬ ಆ ದಾರಿಗೆ ಬರುವವರೆಗೆ ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಮಕ್ಕಳಿಗೆ ತರಚು ಗಾಯವಷ್ಟೆ.

"ಅರ್ಧ ಗಂಟೆ ಮುಂಚೆ ಕರ್ಕೊಂಡು ಬಂದಿದ್ರೆ ಕಾಲು ಉಳಿಸ್ಬಹುದಿತ್ತು," ಎಂದರು ಡಾಕ್ಟರು.

ಗೋಡೆಗೆ ಒರಗಿ ನಿಂತ ತಂಗಿಯ ಕೈಗಳನ್ನು, ಆ ಮಕ್ಕಳಲ್ಲೊಬ್ಬನ ತಾಯಿ ಬಂದು ಹಿಡಿದುಕೊಂಡಳು.

"ನಿಮ್ಮ ಆ್ಯಪ್ ಇಲ್ದಿದ್ರೆ ಗಾಬರಿಯಿಂದಲೇ ಸತ್ತುಹೋಗ್ತಿದ್ದೆ ಕಣ್ರೀ. ವ್ಯಾನ್ ಸಿಗ್ನಲ್‌ನಲ್ಲೇ ಇದೆ ಅಂತ ಕಾಣ್ತಿತ್ತಲ್ಲ, ಧೈರ್ಯವಾಗಿ ಮನೇಲಿ ಕೂತಿದ್ದೆ."

ತಂಗಿ ತಲೆ ಎತ್ತಿ ಹೇಳಿದಳು.

"ವ್ಯಾನ್ ಅಲ್ಲಿರ್ಲಿಲ್ಲ. ಎಲ್ಲಿದೆ ಅಂತ ನನ್ನ ಸರ್ವರಿಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ದಿದ್ರೂ ಗೊತ್ತಿಲ್ಲ ಅಂತ ಹೇಳ್ಬೇಡ, ಹಳೇ ಜಾಗಾನೇ ತೋರಿಸು ಅಂತ ಬರೆದವಳು ನಾನೇ."

ಆ ತಾಯಿ ಅವಳ ಕೈ ಬಿಟ್ಟಳು.