ತಿಪ್ಪಜ್ಜನ ಹೆಸರಿನಲ್ಲಿ ನಾನು ಬರೆದ ಮದ್ದು

ಹೋದ ವರ್ಷದ ಮಾತು. ನಾನು ಚಿತ್ರದುರ್ಗದಲ್ಲಿ ಪ್ರೌಢಶಾಲೆ ಶಿಕ್ಷಕಿ. ಭಾನುವಾರ ನಾವು ನಾಲ್ವರು ಗೆಳತಿಯರು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ ಆಡುತ್ತೇವೆ. ಈ ವಯಸ್ಸಿಗೆ ಇದೆಂಥ ಹುಚ್ಚು ಎಂದು ಮನೆಯವರು ನಗುತ್ತಾರೆ. ನಗಲಿ. ಆಟದ ನಿಯಮ, ಪಾತ್ರ, ಮದ್ದುಗಳನ್ನೆಲ್ಲ ಮೊಬೈಲಿನಲ್ಲೇ ನೋಡಿಕೊಳ್ಳಲು ನಾನೊಂದು ವೆಬ್‌ಸೈಟ್ ಮಾಡಿದ್ದೆ.

ಆಟದಲ್ಲೊಬ್ಬ ಕುರಿಗಾಹಿ ಬರುತ್ತಾನೆ. ಅವನಿಗಾಗಿ ಆದಿವಾಲದ ಕುರಿಗಾರ ತಿಪ್ಪಜ್ಜನನ್ನು ಕೇಳಿ ನಾಟಿ ಮದ್ದುಗಳನ್ನು ಬರೆದುಕೊಂಡು, ‘ತಿಪ್ಪಜ್ಜ ಹೇಳಿದ ಮದ್ದುಗಳು’ ಎಂಬ ಪುಟ ಮಾಡಿದೆ. ಆಟ ರಂಗೇರಲಿ ಎಂದು ನಡುವೆ ನನ್ನದೂ ಒಂದು ತುರುಕಿದೆ: ಕುರಿಯ ಹೊಟ್ಟೆ ಉಬ್ಬಿದರೆ ಕಣಗಿಲೆ ಎಲೆಯ ರಸ. ವಿಷವೇ ಮದ್ದಾಗುವುದು ಕಥೆಗೆ ಚೆನ್ನ ಅನಿಸಿತ್ತು. ಹೆಮ್ಮೆಯಿಂದ ಆ ಪುಟವನ್ನು ಅಜ್ಜನ ಸೊಸೆ ಲಕ್ಕಮ್ಮನಿಗೂ ಕಳಿಸಿದೆ.

ಒಂದು ಬೆಳಿಗ್ಗೆ ಶಾಲೆಗೆ ಹೊರಟಿದ್ದೆ. ಲಕ್ಕಮ್ಮನ ಫೋನ್.

“ಮೇಡಂ, ಗಬ್ಬದ ಕುರಿ ಹೊಟ್ಟೆ ಉಬ್ಬಿ ಬಿದ್ದೈತೆ. ಮಾವಾರು ಮಂದೆ ಹೊಡ್ಕಂಡು ಹೋಗ್ಯಾರೆ, ಫೋನ್ ಮನೇಲೇ ಐತೆ. ಕಣಗಿಲೆ ಅಂದ್ರೆ ನಂಗೆ ಭಯ. ಆದ್ರೆ ಮಾವಾರ ಹೆಸರೈತಲ್ಲ ಅಂತ ಅರೆದಿಟ್ಟೀನಿ. ಎಷ್ಟು ಕುಡಿಸ್ಲಿ?”

“ಕುಡಿಸಬೇಡ ಲಕ್ಕಮ್ಮ! ಅದು ಅಜ್ಜ ಹೇಳಿದ್ದಲ್ಲ, ನಾನು ಆಟಕ್ಕೆ ಕಟ್ಟಿದ ಸುಳ್ಳು. ಮೊದಲು ಡಾಕ್ಟರನ್ನು ಕರೆಸು” ಎಂದು ಕಿರುಚಿದೆ.

ಪುಣ್ಯಕ್ಕೆ ಪಶುವೈದ್ಯರು ಬೇಗ ಬಂದರು, ಕುರಿ ಉಳಿಯಿತು. ನನಗೆ ಮನಸ್ಸು ತಡೆಯದೆ ರಜೆ ಹಾಕಿ ಆದಿವಾಲಕ್ಕೆ ಹೋದೆ. ಅಜ್ಜ ಮಂದೆಯೊಂದಿಗೆ ಮರಳಿದ್ದ; ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ನೀರು ಕೊಡಿಸಿ, “ಕುಂತ್ಕಳವ್ವ” ಎಂದು, ಹಟ್ಟಿಯ ಕುರಿಗಳ ಬೆನ್ನು ತೋರಿಸಿದ. ಕೆಲವಕ್ಕೆ ಕೆಂಪು, ಕೆಲವಕ್ಕೆ ನೀಲಿ ಬಣ್ಣ ಬಳಿದಿತ್ತು.

“ಕೆಂಪು ನಮ್ಮವು, ನೀಲಿ ನನ್ ತಮ್ಮನವು. ಒಟ್ಟಿಗೇ ಮೇಯ್ತಾವೆ. ಬಣ್ಣ ಹಾಕ್ದೆ ಬಿಟ್ರೆ ನಾನೇ ಗುರುತು ತಪ್ತೀನಿ. ನೀನು ನಿನ್ ಕುರಿಗೆ ನನ್ ಬಣ್ಣ ಬಳಿದು ಬಿಟ್ಟಿದ್ಯಲ್ಲ ತಾಯಿ!”

ನನಗೆ ಅಳು ಬಂತು. ಊರಿಗೆ ಮರಳುವ ಬಸ್ಸಿನಲ್ಲೇ ಪ್ರತಿ ಸಾಲಿನ ಪಕ್ಕ ಗುರುತು ಹಾಕತೊಡಗಿದೆ: ‘ತಿಪ್ಪಜ್ಜನ ಮಾತು’, ‘ನಿಯಮ ಪುಸ್ತಕದ್ದು’, ‘ಬರೀ ಕಲ್ಪನೆ, ಆಟಕ್ಕೆ ಮಾತ್ರ’. ಕಣಗಿಲೆಯ ಸಾಲನ್ನು ಅಳಿಸಿಯೇ ಬಿಟ್ಟೆ.

ಆ ಕುರಿ ಈಗ ಮರಿ ಹಾಕಿದೆ. ಲಕ್ಕಮ್ಮ ಫೋಟೊ ಕಳಿಸಿದ್ದಳು. ನೋಡಿ ಖುಷಿಯಾಯಿತು, ಹಿಂದೆಯೇ ಆ ಬೆಳಿಗ್ಗೆಯೂ ನೆನಪಾಯಿತು. ಅವಳು ಅಂದು ಫೋನ್ ಮಾಡಿದ್ದು ಎಷ್ಟು ಕುಡಿಸಬೇಕೆಂದು ಕೇಳಲು ಮಾತ್ರ. ಸೋಮಾರಿತನದಿಂದ ನಾನು ಅಳತೆ ಬರೆದಿರಲಿಲ್ಲ. ಬರೆದಿದ್ದರೆ ಅವಳು ಕೇಳುತ್ತಲೇ ಇರಲಿಲ್ಲ.